ಕೀ ಕೊಡದ ಮೇಸ್ತ್ರಿ

ಮೇಸ್ತ್ರಿಯ ಮೂಗಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ರಿಪೇರಿಗೆ ಯಾವ ಗಾಡಿ ಬಂದರೂ ಅದರ ಆಯಿಲ್ಲನ್ನು ತೋರುಬೆರಳಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಆ ಬೆರಳು ತಾಗಿ ತಾಗಿ ಅಲ್ಲೊಂದು ಕಲೆ ಕೂತುಬಿಟ್ಟಿತ್ತು. ಅಥವಾ ಅದು ಹುಟ್ಟುಮಚ್ಚೆಯೇ ಇದ್ದಿರಬಹುದು. ಅಣ್ಣನನ್ನು ಕೇಳಿದರೆ, "ಅವ್ರ ಮೂಗಿನ್ ಮ್ಯಾಲೆ ಎಂತದೂ ಇರ್ನಿಲ್ಲ ಕಣ್ಲಾ" ಅನ್ನುತ್ತಾನೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುವವನು. ಒಬ್ಬನೇ ಸಾಕ್ಷಿಯ ಮಾತನ್ನು ಸುಲಭಕ್ಕೆ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಆ ಒಬ್ಬ ಸಾಕ್ಷಿ ನಾನೇ ಆದಾಗಲಂತೂ ನಂಬುವುದೇ ಇಲ್ಲ.

ನಮ್ಮದು ಕಟ್ಟಾಯದ ಹತ್ತಿರದ ಊರು. ಅಣ್ಣ ವ್ಯವಸಾಯ ನೋಡಿಕೊಳ್ಳುತ್ತಾನೆ, ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿಬರುತ್ತೇನೆ, ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ. ಅವ್ವನ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಹಾಸನದಲ್ಲಿ ಡಯಾಲಿಸಿಸ್ ಮಾಡಿಸಲೇಬೇಕು ಎಂದಾಗ, ಚನ್ನರಾಯಪಟ್ಟಣದಲ್ಲಿ ಒಂದು ದೊಡ್ಡ ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡೆವು. ಏಳು ಸೀಟಿನದು, ಗೇರು ತಾನೇ ಬದಲಾಗುವ ಆಟೊಮ್ಯಾಟಿಕ್. ಹಿಂದಿನ ಸೀಟಿನಲ್ಲಿ ಅವ್ವ ಕಾಲು ಚಾಚಿ ಮಲಗಬಹುದಿತ್ತು. ಮಂಗಳವಾರ ಅಣ್ಣ ಕರೆದುಕೊಂಡು ಹೋಗುವುದು, ಶುಕ್ರವಾರ ನಾನು. ಗುರುವಾರ ಅಣ್ಣ ಅದೇ ಗಾಡಿಯ ಹಿಂದಿನ ಸೀಟು ಮಡಚಿ ಆಲೂಗಡ್ಡೆ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದ.

ಏಳೆಂಟು ತಿಂಗಳು ಕಳೆಯುವಷ್ಟರಲ್ಲಿ ಗಾಡಿ ಅನುಮಾನಿಸತೊಡಗಿತು. ಆಕ್ಸಿಲೇಟರ್ ಒತ್ತಿದರೆ ಎಂಜಿನ್ ಗುರ್ ಎನ್ನುವುದು, ಗಾಡಿ ಮುಂದೆ ಹೋಗದು. ಹೋಗಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಜಗ್ಗುವುದು. ಗೇರು ಬದಲಾಗುವಾಗ ಮೈಯೆಲ್ಲ ನಡುಗುವುದು. ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಯಾವ ರಸ್ತೆ, ಏರೋ ಇಳಿಜಾರೋ, ಹಿಂದಿನ ದಿನ ಗಾಡಿ ಏನು ಹೊತ್ತಿತ್ತು, ಎಲ್ಲ ಬರೆದೆ. ಎರಡು ತಿಂಗಳಲ್ಲಿ ಸ್ಪಷ್ಟವಾಯಿತು: ಗುರುವಾರ ಮೂಟೆ, ಶುಕ್ರವಾರ ತೊಂದರೆ. ಮಂಗಳವಾರ ಹೇಗಿತ್ತು ಎಂದು ಅಣ್ಣನನ್ನು ಕೇಳಿದರೆ, "ಒಸಿ ನಡುಗ್ತದೆ, ಅಷ್ಟೇಯ" ಅನ್ನುತ್ತಿದ್ದ. ಟ್ರ್ಯಾಕ್ಟರ್ ಓಡಿಸಿದವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡು ಆ ಕಾಲಂ ಖಾಲಿ ಬಿಟ್ಟೆ.

ಒಂದು ಶುಕ್ರವಾರ ನಮ್ಮೂರಿನ ರಸ್ತೆ ಹಾಸನದ ರಸ್ತೆಗೆ ಸೇರುವ ಏರಿನಲ್ಲಿ ಗಾಡಿ ಅರ್ಧಕ್ಕೆ ನಿಂತಂತಾಯಿತು. ಬಲಗಡೆಯಿಂದ ಬಸ್ಸು ಬರುತ್ತಿತ್ತು. ಹಾರ್ನ್ ಕೇಳಿದ್ದು ನೆನಪಿದೆ, ಅವ್ವ ನನ್ನ ಹೆಸರು ಕೂಗಿದ್ದೂ ನೆನಪಿದೆ. ಬಸ್ಸು ಎಷ್ಟು ಹತ್ತಿರ ಬಂದಿತ್ತು ಎಂಬುದನ್ನು ಮಾತ್ರ ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದೇನೆ. ಸಂಜೆ ಮನೆಗೆ ಬಂದವನೇ ನೋಟ್‌ಬುಕ್ಕನ್ನು ಅಣ್ಣನ ಮುಂದೆ ಹಿಡಿದೆ.

"ನಿನ್ನ ಮೂಟೆಯಿಂದ ಅವ್ವ ಇವತ್ತು ಸಾಯ್ತಿದ್ಲು."

ಅಣ್ಣ ನೋಟ್‌ಬುಕ್ಕಿನ ಕಡೆ ನೋಡಲಿಲ್ಲ. ತನ್ನ ಹತ್ತಿರವಿದ್ದ ಕೀಯನ್ನು ತಂದು ಕಿಟಕಿಯ ಮೇಲಿಟ್ಟ. "ಇನ್ಮ್ಯಾಕೆ ನಾನದ್ನ ಮುಟ್ಟಾಕಿಲ್ಲ ಕಣಪ್ಪಾ. ನಿನ್ ಗಾಡಿ, ನಿನ್ ಪುಸ್ತ್ಕ."

"ನನ್ನೆಸ್ರು ಯೇಳ್ಕಂಡು ಜಗ್ಳ ಆಡ್ಬ್ಯಾಡಿ ಕಣ್ರಪ್ಪಾ. ಗಾಡಿ ಇಲ್ದಾಗ್ಲೂವೆ ನಾನ್ ಬದ್ಕಿದ್ದೆ," ಅಂದಳು ಅವ್ವ. ಮುಂದಿನ ಮಂಗಳವಾರ ಅಣ್ಣ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದ. ಆಟೋದಲ್ಲಿ ಮಲಗಲು ಎಲ್ಲಾಗುತ್ತದೆ? ವಾಪಸು ಬಂದಾಗ ಇಳಿಯಲಾರದೆ ಅದರೊಳಗೇ ಕಾಲು ಗಂಟೆ ಕೂತಿದ್ದಳು.

ಹಾಸನದ ದೊಡ್ಡ ವರ್ಕ್‌ಶಾಪೊಂದರಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ ಏನೂ ಇಲ್ಲ ಅಂದರು. ಎರಡನೇ ಸಲ ಹೋದಾಗ ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಅಂದರು. ಎರಡು ಮಾತಿನಲ್ಲಿ ಒಂದಂತೂ ಸುಳ್ಳು, ಬಹುಶಃ ಎರಡೂ. ಆಗ ಅಣ್ಣ ನನ್ನ ಮುಖ ನೋಡದೆ ಗೋಡೆಗೆ ಹೇಳುವಂತೆ ಹೇಳಿದ: "ಒಳೆನರ್ಸೀಪುರದ ಮೇಸ್ತ್ರಿಗೆ ತೋರ್ಸು."

ಅರಕಲಗೂಡು ರಸ್ತೆಯ ಬದಿಯಲ್ಲಿ ತಗಡು ಹೊದಿಸಿದ ಶೆಡ್ಡು ಅದು. ನಮ್ಮ ಟ್ರ್ಯಾಕ್ಟರನ್ನು ಎಷ್ಟೋ ವರ್ಷಗಳಿಂದ ಅವರೇ ನೋಡುತ್ತಿದ್ದರು. ಅಣ್ಣನನ್ನು ಕಂಡ ಕೂಡಲೇ, "ಬನ್ನಿ ಗೌಡ್ರೇ, ಯಾರಿವ್ರು, ಸರ್ವೆ ಆಫೀಸ್ರಾ?" ಎಂದು ನಕ್ಕರು. ನನಗೆ ಅಲ್ಲಿಂದಲೇ ಅನುಮಾನ ಶುರುವಾಯಿತು. ಅಣ್ಣನ ಮನುಷ್ಯ, ಅಣ್ಣನ ಪರವಾಗಿಯೇ ಹೇಳುತ್ತಾನೆ. ಆದ್ದರಿಂದ ನಾನೇ ಮೊದಲು ಬಾಯಿ ಹಾಕಿದೆ. "ಮೂಟೆ ಹೇರಿ ಹೇರಿ ಗೇರ್‌ಬಾಕ್ಸ್ ಹೋಗಿದೆ," ಎಂದು ನೋಟ್‌ಬುಕ್ ತೆಗೆದು ತೋರಿಸಿದೆ. ಅಣ್ಣ ನೆಲ ನೋಡುತ್ತ ನಿಂತಿದ್ದ. ಮೇಸ್ತ್ರಿ ನೋಟ್‌ಬುಕ್ ನೋಡಿದರು, ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು.

"ಬರವಣ್ಗೆ ಚೆಂದಾಗೈತೆ ಸಾ," ಅಂದರು.

ಬಾನೆಟ್ ಎತ್ತಲಿಲ್ಲ. ಪಕ್ಕದ ಸೀಟಿನಲ್ಲೂ ಕೂರಲಿಲ್ಲ. ತಮ್ಮ ಹಳೆಯ ಬೈಕು ಹೊರಗೆ ತೆಗೆದರು. ಗಾಡಿಯನ್ನು ನಾವು ಓಡಿಸಬೇಕಂತೆ, ಅವರು ಬೈಕಿನಲ್ಲಿ ಹಿಂದೆ ಬರುತ್ತಾರಂತೆ. ಯಾಕೆ ಎಂದು ಕೇಳಿದೆ.

"ಒಳಗ್ ಕುಂತ್ರೆ ನೀವ್ ನಂಗೋಸ್ಕರ ಓಡುಸ್ತೀರ. ಇಂದೆ ಬಂದ್ರೆ ನಿಮಗೋಸ್ಕರ ಓಡುಸ್ತೀರ. ಒಂಟೋಗಿ."

ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದ ಅಣ್ಣನನ್ನು, "ನನ್ನ ಸಲುವಾಗಿ ಕುಂತ್ಕಳಿ ಗೌಡ್ರೇ," ಎಂದು ಮೊದಲು ಕೂರಿಸಿದರು. ಅವನು ಅರಕಲಗೂಡು ರಸ್ತೆಯ ಏರು ಹತ್ತಿಸಿ ತಿರುಗಿಸಿಕೊಂಡು ಬಂದ. ಆಮೇಲೆ ನಾನು. ಕನ್ನಡಿಯಲ್ಲಿ ಅವರು ಹಿಂದೆ ಬರುವುದು ಕಾಣುತ್ತಿತ್ತು. ಯಾರೋ ನನ್ನ ಮೇಲೆ ಪತ್ತೇದಾರಿಕೆ ಮಾಡುತ್ತಿರುವ ಹಾಗೆ. ಏರಿನಲ್ಲಿ ಗಾಡಿ ಮತ್ತೆ ತಡೆದು ಜಗ್ಗಿತು. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡೆ.

ವಾಪಸು ಬಂದು ಆಯಿಲ್ ಮೂಸಿದರು. ತುಂಬಾ ಹೊತ್ತು ಮೂಸಿದರು.

"ಏನು ತೊಂದರೆ?"

"ಐತೆ."

"ಏನೈತೆ?"

"ಐತಲ್ಲ ಸಾ, ಐತೆ. ಗಾಡಿ ಇಲ್ಲೇ ಬುಟ್ಟೋಗಿ. ಗುರ್ವಾರ ನೀವೊಬ್ರೇ ಬನ್ನಿ."

ಒಬ್ಬನೇ ಯಾಕೆ? ಅಣ್ಣ, ಮೇಸ್ತ್ರಿ ಇಬ್ಬರೂ ಸೇರಿ ಏನೋ ಹೂಡಿದ್ದಾರೆ ಎಂದು ಬಸ್ಸಿನಲ್ಲಿ ಬರುವಾಗ ಅಣ್ಣನ ಮುಖವನ್ನೇ ನೋಡುತ್ತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಗುರುವಾರ ಹೋದಾಗ ಎರಡು ಸ್ಟೀಲ್ ಬಟ್ಟಲು ಇಟ್ಟುಕೊಂಡು ಕೂತಿದ್ದರು. ಒಂದರಲ್ಲಿ ಹೊಸ ಗೇರ್ ಆಯಿಲ್, ದಾಸವಾಳದ ಕೆಂಪು. ಇನ್ನೊಂದರಲ್ಲಿ ನಮ್ಮ ಗಾಡಿಯಿಂದ ಇಳಿಸಿದ್ದು, ಗಟ್ಟಿ ಡಿಕಾಕ್ಷನ್ನಿನ ಹಾಗೆ. ಪಕ್ಕದಲ್ಲಿ ಸವೆದು ತಗಡಿನಷ್ಟಾಗಿದ್ದ ಬ್ರೇಕ್ ಪ್ಯಾಡುಗಳು.

"ಎಷ್ಟು ವರ್ಸದಿಂದ ಕ್ಲಚ್ ಗಾಡಿ ಓಡ್ಸಿದ್ರಿ ಸಾ?"

"ಇಪ್ಪತ್ತು."

"ಇದ್ರಲ್ಲಿ ಕ್ಲಚ್ ಇಲ್ಲ. ಎಡಗಾಲಿಗೆ ಕೆಲ್ಸಿಲ್ಲ. ಕೆಲ್ಸಿಲ್ದಿರೋ ಕಾಲು ಸುಮ್ಕಿರಾಕಿಲ್ಲ. ಓಗಿ ಬ್ರೇಕ್ ಮ್ಯಾಲೆ ಕುಂತದೆ. ನೀವ್ ಏರ್ ಅತ್ತುವಾಗ ಇಂದ್ಗಡೆ ಕೆಂಪ್ ಲೈಟು ಉರೀತಾನೇ ಇತ್ತು. ಬಲಗಾಲು ಓಗು ಅಂತದೆ, ಎಡಗಾಲು ಬ್ಯಾಡ ಅಂತದೆ. ಗಾಡಿ ಯಾರ್ ಮಾತ್ ಕೇಳ್ಬೇಕು? ಎಂಜಿನ್ ನೂಕ್ತದೆ, ಬ್ರೇಕು ಇಡ್ಕತದೆ. ಅಂಗೇ ಕಾದು ಕಾದು ಆಯಿಲ್ ಸೀದೋಗದೆ."

"ಅಣ್ಣ ಓಡಿಸಿದಾಗ?"

"ಒಂದ್ಸತಿನೂ ಉರೀನಿಲ್ಲ. ಕುಂತಾಗ್ಲೇ ನೋಡ್ದೆ, ಅವ್ರು ಎಡಗಾಲ್ನ ಮಡ್ಚಿ ಸೀಟ್ ಕೆಳೀಕೆ ಇಕ್ಕಂಡ್ರು. ಮೂಟೆಯಿಂದ ಆಗಿದ್ದಲ್ಲ ಸಾ ಇದು."

ಕೀ ಕೇಳಿದೆ. ನಾಳೆ ಶುಕ್ರವಾರ, ಅವ್ವನನ್ನು ಕರೆದುಕೊಂಡು ಹೋಗಬೇಕು ಅಂದೆ.

"ಕೀ ನಿಮಗ್ ಕೊಡಾಕಿಲ್ಲ," ಅಂದರು ಮೇಸ್ತ್ರಿ. "ನಿಮ್ಮಣ್ಣ ಬರ್ಲಿ. ನಾ ಯೇಳಿದ್ರೆ ಅವ್ರು ಗೆದ್ದಂಗೆ, ನೀವ್ ಸೋತಂಗೆ. ನೀವೇ ಯೇಳುದ್ರೆ ಅಂಗಾಗಾಕಿಲ್ಲ. ಯೇಳಿ, ಕಳ್ಸಿ."

ಇದೇ ಮಾತುಗಳೇ ಎಂದು ನಾನು ಆಣೆ ಮಾಡಲಾರೆ. ಕೀ ಕೊಡಲಿಲ್ಲ ಎಂಬುದು ಖಾತ್ರಿ. ನಾನು ರೇಗಿದೆ. ರೋಗಿಯ ಗಾಡಿ ಹಿಡಿದಿಟ್ಟುಕೊಳ್ಳುವುದು ಯಾವ ನ್ಯಾಯ, ಪೊಲೀಸರಿಗೆ ಹೇಳುತ್ತೇನೆ ಅಂದೆ. ಅವರು ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಇನ್ನೊಂದು ಗಾಡಿಯ ಕೆಳಗೆ ತೂರಿದರು.

ವಾಪಸಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಇಬ್ಬರೂ ಸೇರಿ ಆಡಿದ ನಾಟಕ ಎಂದು ಅರ್ಧ ದಾರಿ ನನಗೆ ನಾನೇ ವಾದಿಸಿದೆ. ಒಂದು ಸ್ಟಾಪಿನಲ್ಲಿ ಡ್ರೈವರ್ ಗೇರು ಇಳಿಸಿದಾಗ ನನ್ನ ಕಾಲು ನೋಡಿಕೊಂಡೆ. ಎಡಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಮುಂದಿನ ಸ್ಟಾಪಿನಲ್ಲೂ ಒತ್ತಿತು. ಊರು ಬರುವವರೆಗೆ ಎಣಿಸಿದೆ. ಒಂದು ಸಲವೂ ತಪ್ಪಲಿಲ್ಲ. ಶುಕ್ರವಾರ ತೊಂದರೆಯಾಗುತ್ತಿದ್ದುದು ಗುರುವಾರದ ಮೂಟೆಯಿಂದಲ್ಲ, ಶುಕ್ರವಾರ ನಾನು ಓಡಿಸುತ್ತಿದ್ದುದರಿಂದ. ಮೊದಲ ವರ್ಷದ ಹುಡುಗ ಇಂಥ ತಪ್ಪು ಮಾಡಿದರೆ ಸೊನ್ನೆ ಹಾಕುತ್ತೇನೆ.

ಅಣ್ಣ ಅಂಗಳದಲ್ಲಿ ಆಲೂಗಡ್ಡೆ ಆರಿಸುತ್ತಿದ್ದ. ಎದುರಿಗೆ ಕೂತೆ. ಸುಮ್ಮನಿರಲಾರದೆ ನಾನೂ ನಾಲ್ಕು ಗಡ್ಡೆ ಆರಿಸಿದೆ.

"ಅದು ಕೊಳ್ತಿರೋದು ಕಣ್ಲಾ, ಅತ್ಲಾಗಾಕು."

"ಅಣ್ಣ, ಗಾಡಿ ಕೆಡಿಸಿದ್ದು ನಾನು. ಎಡಗಾಲು ಬ್ರೇಕ್ ಮೇಲಿಟ್ಟುಕೊಂಡು ಓಡಿಸ್ತಿದ್ದೆ. ಅವತ್ತು ಬಸ್ಸಿಗೆ ಸಿಗ್ತಿದ್ದದ್ದೂ ನನ್ನಿಂದಾನೆ."

ಅವನ ಕೈ ನಿಂತಿತು. ಆಮೇಲೆ, "ಪುಸ್ತ್ಕದಲ್ಲಿ ಬರ್ಕಂಡ್ಯಾ?" ಅಂದ.

"ಇನ್ನೂ ಇಲ್ಲ."

"ಬರ್ಕ. ಅವ್ವುಂಗೂ ಯೇಳು. ಮೊದಲ್ನೇ ಬಸ್ಸಿಗೆ ನಾನೋಗಿ ಗಾಡಿ ತತ್ತೀನಿ."

ಅವ್ವನಿಗೆ ಹೇಳುವುದು ಅಣ್ಣನಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಬೆಳಗ್ಗೆ ಒಂಬತ್ತರ ಒಳಗೆ ಗಾಡಿ ಅಂಗಳದಲ್ಲಿತ್ತು.

ಆಮೇಲೆ ಎಷ್ಟೋ ಸಲ ಆ ಶೆಡ್ಡಿಗೆ ಹೋಗಿದ್ದೇನೆ. ಮೇಸ್ತ್ರಿ ಆ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಆದರೆ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ನಾನು ಹೇಳದೇ ಹೋಗಿದ್ದರೆ? ನನ್ನ ಹಟ ಗೆದ್ದು ಶುಕ್ರವಾರ ಗಾಡಿ ಬಾರದೇ ಹೋಗಿದ್ದರೆ? ಒಬ್ಬ ಕಾಯಿಲೆಯ ಹೆಂಗಸಿನ ಜೀವ ಒತ್ತೆಯಿಟ್ಟು ಅಣ್ಣತಮ್ಮಂದಿರಿಗೆ ಪಾಠ ಕಲಿಸಲು ಈ ಮನುಷ್ಯ ಯಾರು? ಅವರನ್ನು ಕೃತಜ್ಞತೆಯಿಂದ ನೆನೆದಾಗಲೆಲ್ಲ ಈ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಬಂದದ್ದು ಒಂದು ಮಂಗಳವಾರ ಬೆಳಗ್ಗೆ. ಅಣ್ಣ ಆಸ್ಪತ್ರೆಗೆ ಹೊರಟಿದ್ದ. "ನೀನೋಗು ಮಣ್ಣಿಗೆ. ನಂಗಿಂತ ನೀನೋಗ್ಬೇಕು," ಅಂದ. ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋದೆ. ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ಯಾರು ಎಂದು ಕೇಳಿದರು. ಕಟ್ಟಾಯದ ಕಡೆಯವರು, ದೊಡ್ಡ ಗಾಡಿ ತರುತ್ತಿದ್ದೆವು, ಅಣ್ಣ ತಮ್ಮ, ಅದರಲ್ಲಿ ತಮ್ಮ ನಾನು ಅಂದೆ.

"ಓ, ಕೀ ಕೊಡ್ದಂಗ್ ಕಳ್ಸುದ್ರಲ್ಲ, ಅವ್ರಾ?" ಅಂದರು. "ಆವತ್ತು ಇವ್ರಿಗೆ ಅನ್ನ ಸೇರ್ನಿಲ್ಲ ಕಣಪ್ಪಾ. ನಿಮ್ ಗಾಡಿಗೆ ಡೀಸೆಲ್ ಆಕ್ಸಿ, ಮುಂಬಾಗ್ಲಲ್ಲೇ ನಿಲ್ಸ್ಕಂಡಿದ್ರು. ಬೆಳಗ್ಗೆ ಎಂಟ್ ಗಂಟೆವರ್ಗೂ ನೋಡ್ತೀನಿ, ಯಾರೂ ಬರ್ದಿದ್ರೆ ನಾನೇ ಅವ್ರೂರಿಗ್ ತಕಂಡೋಗಿ ಆವಮ್ಮನ್ನ ಆಸ್ಪತ್ರೆಗ್ ಬುಟ್ ಬತ್ತೀನಿ ಅಂತಿದ್ರು. ಏಳೂವರೆಗೆ ನಿಮ್ಮಣ್ಣ ಬಂದ್ರು ನೋಡಿ, ಆಮ್ಯಾಲೆ ಕಾಫಿ ಕುಡುದ್ರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ನಿಮ್ಮವ್ವ ಎಂಗವ್ರೆ?" ಎಂದು ಕೇಳಿದರು.

"ಆಸ್ಪತ್ರೆಯಲ್ಲಿದ್ದಾರೆ, ಇವತ್ತು ಅವರ ದಿನ," ಅಂದೆ. "ಅಣ್ಣ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದಾನೆ."