ಸಾತ್‌ಬಾರಾ ಇಲ್ಲದ ಬೆಳೆಗಾರರು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ, ಠಾಣೆಯ ನೌಪಾಡಾದಲ್ಲಿ ಶಾಕಾಹಾರಿ ಹೋಟೆಲು ನಡೆಸುವ ವಿಠಲ ಮಾವ. ಗಲ್ಲೆಯ ಮೇಲೆ ಕೂತು, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿದರು.

"ಹ್ವಾಯ್ ಭಾವ, ನಿಮ್ ಮಗಳು ಹಾಲೆಂಡಿಗೆ ಹೋತ್ಳಂಬ್ರಲ್ಲ, ಸೊಪ್ಪ್ ಬೆಳೂಕೆ! ರೈಲು ಪಟ್ರಿ ಬದಿಯ ಪಾಲಕ್ ಅಂದ್ರೆ ಠಾಣೆಯೋರೇ ಮೂಗು ಮುರೀತಾರೆ. ಅಲ್ಲಿ ಗೋರೆ ಲೋಕರು ಆರತಿ ಎತ್ತಿ ಒಳಗೆ ಕರ್ಕೊಳ್ತಾರಾ?" ಆಮೇಲೆ ನನ್ನ ಕಡೆ ತಿರುಗಿ, "ಕಾಣ್ ಹೆಣೆ, ಮಹಾಪೆಯಲ್ಲಿ ನನ್ ಪೈಚಾನ್‌ದವರ ಕಂಪ್ನಿ ಉಂಟು. ಎ.ಸಿ. ಆಫೀಸು, ಕಂಪ್ಯೂಟರ್ ಕೆಲಸ. ಬಿ.ಎಸ್ಸಿ. ಮಾಡಿದ್ದಕ್ಕೆ ಅಷ್ಟ್ ಸಾಕ್. ಓದಿದ್ದು ಮತ್ತೆ ಕೆಸರಿಗೆ ಇಳಿಯೂಕಾ?" ಎಂದರು.

ಅಪ್ಪಯ್ಯ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒದ್ದೆ ಗೋಣಿಯಿಂದ ಹರಿವೆ ಸೊಪ್ಪಿನ ಜೂಡಿ ಕಟ್ಟುಗಳನ್ನು ತೆಗೆದು ಜೋಡಿಸುತ್ತಿದ್ದರು. ಮಾವ ಅವತ್ತು ಮಧ್ಯಾಹ್ನ ಉಂಡದ್ದು ಅದೇ ಹರಿವೆಯ ಪಲ್ಯವನ್ನು.

ಎಂಟು ತಿಂಗಳ ಮೇಲೆ ನಾನು ಹಾಲೆಂಡಿನಲ್ಲಿ ಒಂದು ಗಾಜಿನ ಊರೊಳಗೆ ನಿಂತಿದ್ದೆ. ನಮ್ಮ ಠಾಕುರ್ಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮುಗಳನ್ನು ಒಂದರ ಪಕ್ಕ ಒಂದು ಇಟ್ಟು ಮೇಲೆ ಗಾಜು ಹೊದಿಸಿದರೂ ಅದರ ಒಂದು ಮೂಲೆ ತುಂಬಲಿಕ್ಕಿಲ್ಲ. ಹೊರಗೆ ಹಿಮ, ಒಳಗೆ ಡೊಂಬಿವಲಿಯ ಡಿಸೆಂಬರ್ ಬೆಳಗಿನ ಹದವಾದ ಹವೆ. ಸೊಂಟದೆತ್ತರದ ತಟ್ಟೆಗಳಲ್ಲಿ ಎಳೆ ಪಾಲಕ್ ಸೊಪ್ಪು, ಕಣ್ಣು ಹೋದಷ್ಟು ದೂರ ಒಂದೇ ಎತ್ತರ, ಒಂದೇ ಹಸಿರು. ನೊಣ ಇಲ್ಲ, ಧೂಳಿಲ್ಲ, ಬಾಗಿದ ಬೆನ್ನು ಒಂದೂ ಇಲ್ಲ. ನಾನು ಎಲೆಗಳ ನಡುವೆ ಬೆರಳು ತೂರಿಸಿ ಮಣ್ಣು ಹುಡುಕಿದೆ. ಸಿಕ್ಕಿದ್ದು ತೆಂಗಿನ ನಾರಿನ ಪುಡಿ! ನನ್ನ ಅಜ್ಜಿ ಬೈಂದೂರಿನ ಕಡೆ ಹಗ್ಗ ಹೊಸೆಯುತ್ತಿದ್ದ ನಾರು ನನಗಿಂತ ಮೊದಲೇ ಇಲ್ಲಿಗೆ ಬಂದು ಕೆಲಸಕ್ಕೆ ಸೇರಿತ್ತು. ಅಳು ಬಂತೋ ನಗು ಬಂತೋ ಈಗ ಹೇಳಲಾರೆ. ಬಹಳ ಹೊತ್ತು ಕೈ ತೆಗೆಯಲಿಲ್ಲ ಎಂಬುದು ಮಾತ್ರ ನೆನಪಿದೆ.

ನಾವು ಯಾವ ಬಗೆಯ ಬೆಳೆಗಾರರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅಪ್ಪಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಬೋಲ್ಟು ಬಿಗಿಮಾಡುವುದು, ಕಲ್ಲು ತುಂಬುವುದು ಅವರ ಕೆಲಸ. ಠಾಕುರ್ಲಿ ಮತ್ತು ಕಲ್ಯಾಣದ ನಡುವೆ ಹಳಿಯ ಬದಿಗೆ ಖಾಲಿ ಬಿದ್ದ ಒಂದು ಪಟ್ಟಿಯನ್ನು ರೈಲ್ವೆಯವರು ತರಕಾರಿ ಬೆಳೆಯಲು ಅವರಿಗೆ ಲೈಸೆನ್ಸಿನ ಮೇಲೆ ಕೊಟ್ಟಿದ್ದರು. ಪಾಲಕ್, ಮೆಂತೆ, ಬೆಂಡೆ, ಊರಿನವರಿಗಾಗಿ ಹರಿವೆ, ಒಂದು ಚಪ್ಪರ ಬಸಳೆ. ಎಂಟನೇ ವಯಸ್ಸಿನಿಂದ ನಾನು ಆ ಪಟ್ಟಿಯಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಎಲ್ಲಕ್ಕಿಂತ ಮೊದಲು ಕಲಿತದ್ದು ಬೀಜ ಬಿತ್ತುವುದನ್ನಲ್ಲ. ಹಾರ್ನ್ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು, ಪಕ್ಕಕ್ಕೆ ಸರಿದು, ಗಾಡಿಗೆ ಮುಖ ಕೊಟ್ಟು, ಒಂದು ಕೈ ಮೇಲೆತ್ತಿ ನಿಲ್ಲುವುದು. ನಾನು ನಿನ್ನನ್ನು ಕಂಡಿದ್ದೇನೆ ಎಂದು ಗಾಡಿ ಓಡಿಸುವ ಮೋಟರ್‌ಮನ್ನಿಗೆ ತಿಳಿಯಬೇಕು. ಪರೀಕ್ಷೆಯ ಪಾಠವನ್ನು ನಾನು ಹಾಗೇ ಓದಿದ್ದು, ಎರಡು ಲೋಕಲ್ಲುಗಳ ನಡುವೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಒಂದು ದಿನ ಕಂಡ ಕಾಗದ ಹೀಗಿತ್ತು: ಕೃಷಿ ಗೊತ್ತಿರುವ ತರುಣ ತರುಣಿಯರಿಗೆ ಹಾಲೆಂಡಿನಲ್ಲಿ ಒಂದು ವರ್ಷದ ತರಬೇತಿ, ಪದವಿ ಬೇಕು, ಬೇಸಾಯದ ಅನುಭವಕ್ಕೆ ಪುರಾವೆ ಬೇಕು. ಆ ಪುರಾವೆಯೇ ಸಿಕ್ಕಲಿಲ್ಲ. ಮಹಾರಾಷ್ಟ್ರದಲ್ಲಿ ರೈತ ಎನ್ನಿಸಿಕೊಳ್ಳಲು ಸಾತ್‌ಬಾರಾ ಇರಬೇಕು. ನಮ್ಮ ಕಡೆಯ ಪಹಣಿಯಂಥ ಜಮೀನಿನ ಕಾಗದ ಅದು. ರೈತರೆಂಬ ದಾಖಲೆ ಕೇಳಿಕೊಂಡು ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಅಪ್ಪಯ್ಯ ಮತ್ತು ನಾನು ಕಿಟಕಿಯ ಮುಂದೆ ನಿಂತಿದ್ದೆವು.

"ಸಾತ್‌ಬಾರಾ ಕುಠೇ ಆಹೇ?" ಸಾತ್‌ಬಾರಾ ಎಲ್ಲಿ ಎಂದರು ಒಳಗಿದ್ದ ಗುಮಾಸ್ತರು.

"ಆಮ್ಚಾ ನಾಹೀ, ಸಾಹೇಬ್," ನಮ್ಮದಿಲ್ಲ ಎಂದರು ಅಪ್ಪಯ್ಯ.

"ಮಗ ತುಮ್ಹೀ ಶೇತ್ಕರೀ ಕಸೇ?" ಹಾಗಾದರೆ ನೀವು ರೈತರು ಹೇಗಾಗುತ್ತೀರಿ ಎಂದು ಗುಮಾಸ್ತರು ಕೇಳಿದ್ದರಲ್ಲಿ ಕುಹಕ ಇರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಹಾರ್ಬರ್ ಲೈನಿನ ರೈಲಿನಲ್ಲಿ ಮರಳುವಾಗ ಅಪ್ಪಯ್ಯ ಹೇಳಿದ್ದು ಒಂದೇ ಮಾತು: "ಅವ್ರ್ ಹೇಳೂದ್ ಸಮ ಮಗಾ. ನಂಗೆ ಜಾಗ ಇಲ್ಲೆ ಅಲ್ದಾ?"

ಕೊನೆಗೆ ದಾರಿ ಮಾಡಿಕೊಟ್ಟವರು ನಮ್ಮ ಸಸ್ಯಶಾಸ್ತ್ರದ ಸರ್. ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಹಳಿ ಬದಿಗೆ ಬಂದರು, ಅಪ್ಪಯ್ಯನ ಹತ್ತಿರ ಒಂದು ತಾಸು ಮಾತಾಡಿದರು, ಹಾರ್ನ್ ಕೇಳಿದಾಗ ನಮ್ಮ ಜತೆ ತಾವೂ ಕೈ ಎತ್ತಿದರು. ಕಂಡದ್ದನ್ನೆಲ್ಲ ಎರಡು ಪುಟ ಬರೆದು ಸಹಿ ಹಾಕಿದರು. ಆ ಎರಡು ಪುಟ ಮತ್ತು ರೈಲ್ವೆ ಲೈಸೆನ್ಸಿನ ಜೆರಾಕ್ಸ್ ನನ್ನನ್ನು ವಿಮಾನ ಹತ್ತಿಸಿದವು. ಆದರೆ ಶರತ್ತಿತ್ತು. ಮೂರು ತಿಂಗಳು ನೋಡುತ್ತಾರೆ. ಕೆಲಸ ಕೈಗೆ ಹತ್ತದಿದ್ದರೆ ವಾಪಸು.

ಗಾಜಿನ ಮನೆಗೆ ಅಲ್ಲಿ ಕಾಸ್ ಎನ್ನುತ್ತಾರೆ. ನನ್ನ ಕಾಸಿನ ಒಡತಿ ಮಾರೈಕೆ, ಐವತ್ತು ದಾಟಿದ, ಗಂಡಸರಿಗಿಂತ ಎತ್ತರದ ಹೆಂಗಸು. ಒಡೆಯರನ್ನೂ ಹೆಸರು ಹಿಡಿದೇ ಕರೆಯುವ ದೇಶ ಅದು. ನನಗೆ ನಾಲಗೆ ಏಳಲಿಲ್ಲ. ಎರಡನೇ ವಾರಕ್ಕೆ ಮಾರೈಕಕ್ಕ ಎಂದೆ. ಅಕ್ಕ ಎಂದರೆ ಏನೆಂದು ಕೇಳಿ ತಿಳಿದು, "ಹಾಗಾದರೆ ನಾನು ನಿನಗೆ ಬೈಯಬಹುದು ಅಂತಾಯಿತು," ಎಂದು ನಕ್ಕಳು.

ಊಟದ್ದು ಬೇರೆಯೇ ಕಥೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಎಲ್ಲರೂ ತಣ್ಣಗಿನ ಬ್ರೆಡ್ಡು ಬಿಚ್ಚುತ್ತಾರೆ. ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕಲೇಟಿನ ಕಾಳು. ಮಕ್ಕಳಲ್ಲ, ಟ್ರಕ್ಕು ಓಡಿಸುವ ಮೀಸೆಯ ಗಂಡಸರು! ಮೊದಲ ತಿಂಗಳು ಅನ್ನ, ಮೊಸರು, ಉಪ್ಪಿನಕಾಯಿಯಲ್ಲಿ ಕಳೆದೆ. ಒಂದು ಶನಿವಾರ ಪೇಟೆಯಲ್ಲಿ ಸುರಿನಾಮ್ ದೇಶದವರ ಅಂಗಡಿಯಲ್ಲಿ, ಮೊಳದುದ್ದದ ಅಲಸಂದೆ ಕೋಡಿನ ಕಟ್ಟು ಕಂಡು ನಿಂತುಬಿಟ್ಟೆ. ಅವರು ಅದಕ್ಕೆ ಕೌಸಬಾಂಟ್ ಎನ್ನುತ್ತಾರೆ; ಕಾಲ್ಚೀಲ ಜಾರದಂತೆ ಕಟ್ಟುವ ಪಟ್ಟಿ ಎಂದು ಅರ್ಥ. ಪಕ್ಕದಲ್ಲೇ ಕೆಂಪು ಹರಿವೆ. ಅಂಗಡಿಯ ಅಜ್ಜಿಯ ಹಿರಿಯರನ್ನು ಯಾವುದೋ ಕಾಲದಲ್ಲಿ ಹಿಂದೂಸ್ತಾನದಿಂದ ಹಡಗು ಹತ್ತಿಸಿ ಸುರಿನಾಮಿನ ಕಬ್ಬಿನ ಗದ್ದೆಗೆ ಒಯ್ದಿದ್ದರಂತೆ. ಅಲ್ಲಿಂದ ಇವರು ಇಲ್ಲಿಗೆ. ಅವಳು ಭೋಜಪುರಿಯಂಥ ಹಿಂದಿಯಲ್ಲಿ ನಿನ್ನದು ಯಾವ ಊರು ಎಂದು ಕೇಳಿದಳು. ಬೈಂದೂರು ಎನ್ನಲೇ, ವರ್ಷಕ್ಕೊಮ್ಮೆಯೂ ಹೋಗದ ಊರದು. ಠಾಕುರ್ಲಿ ಎನ್ನಲೇ, ಅಲ್ಲಿ ನಮ್ಮದೆನ್ನುವ ಅಂಗೈಯಗಲ ನೆಲವಿಲ್ಲ. "ಬಂಬಈ," ಎಂದೆ. ಅವಳು ತಲೆಯಾಡಿಸಿದಳು. ನಾನು ಅವಳನ್ನು ಕೇಳಿದ್ದರೆ ಅವಳ ಉತ್ತರವೂ ಅಷ್ಟೇ ಅಸ್ಪಷ್ಟವಾಗಿರುತ್ತಿತ್ತು.

ಒಳಗೆ ಓಡಾಡುವ ಬ್ಯಾಟರಿ ಗಾಡಿಗೆ ಒಂದು ಹಾರ್ನ್ ಇತ್ತು. ಅದು ಕೂಗಿದಾಗಲೆಲ್ಲ ನಾನು ಕತ್ತರಿ ಕೆಳಗಿಟ್ಟು, ಪಕ್ಕಕ್ಕೆ ಸರಿದು, ಕೈ ಎತ್ತಿ ನಿಲ್ಲುತ್ತಿದ್ದೆ. ಮೊದಲು ನಕ್ಕರು. ಆಮೇಲೆ ಗಾಡಿ ಓಡಿಸುವವನೂ ಕೈ ಎತ್ತತೊಡಗಿದ. ಒಂದು ತಿಂಗಳಲ್ಲಿ ಇಡೀ ಸಾಲು ಕೈ ಎತ್ತುತ್ತಿತ್ತು. ಇಲ್ಲಿಗೆ ಒಗ್ಗಿಕೊಂಡೆ ಎಂದು ನಾನು ಬೀಗಿದೆ. ಅಲ್ಲೇ ಎಡವಿದೆ.

ಮೂರು ತಿಂಗಳು ತುಂಬಲು ಎರಡು ವಾರ ಉಳಿದಿತ್ತು. ಗುರುವಾರ ಸಂಜೆ, ಕೊಯ್ದ ಸೊಪ್ಪಿನ ನಲವತ್ತು ಕ್ರೇಟುಗಳನ್ನು ತಣ್ಣನೆಯ ಕೋಣೆಗೆ ಸೇರಿಸುವ ಕೆಲಸ ನನ್ನೊಬ್ಬಳದು. ಎಲೆಗಳು ನನ್ನ ಕಣ್ಣಿಗೆ ಸ್ವಲ್ಪ ಸೋತಂತೆ ಕಂಡವು. ನಮ್ಮ ಹಳಿ ಬದಿಯಲ್ಲಾದರೆ ಅಪ್ಪಯ್ಯ ಬಕೆಟ್ಟಿಗೆ ಕೈ ಅದ್ದಿ, ಬೆರಳು ಬಿಡಿಸಿ, ಜೂಡಿಗಳ ಮೇಲೆ ನೀರು ಚಿಮುಕಿಸುತ್ತಿದ್ದರು, ಮಗುವಿನ ಮುಖಕ್ಕೆ ಚಿಮುಕಿಸಿದಷ್ಟು ಮೆತ್ತಗೆ. ನಾನೂ ಹಾಗೇ ಮಾಡಿದೆ. ನಲವತ್ತಕ್ಕೂ. ಯಾರೂ ಹೇಳದೆ, ಪ್ರೀತಿಯಿಂದ.

ಸೋಮವಾರ ಬೆಳಗ್ಗೆ ಅಷ್ಟೂ ಕ್ರೇಟು ಅಂಗಡಿಗಳಿಂದ ವಾಪಸು ಬಂದವು. ಎಲೆಗಳು ಲೋಳೆಯಾಗಿದ್ದವು.

ಅಲ್ಲಿ ಒಂದು ಪದ್ಧತಿಯಿದೆ. ಬೆಳಗ್ಗೆ ಹತ್ತು ಗಂಟೆಯ ಕಾಫಿಗೆ ಒಡತಿಯಿಂದ ಹಿಡಿದು ಕಸ ಗುಡಿಸುವವರವರೆಗೆ ಒಂದೇ ಮೇಜಿಗೆ ಕೂರುತ್ತಾರೆ. ಸೋಮವಾರ ಒಂದು ನೀಲಿ ಪುಸ್ತಕ ಮೇಜಿನ ಸುತ್ತ ಹೋಗುತ್ತದೆ. ಕಳೆದ ವಾರ ತಮ್ಮಿಂದಾದ ತಪ್ಪನ್ನು ಪ್ರತಿಯೊಬ್ಬರೂ ತಾವೇ ಬರೆದು, ಗಟ್ಟಿಯಾಗಿ ಓದಬೇಕು. ಅವತ್ತು ಮಾರೈಕಕ್ಕನೇ ಮೊದಲು ಬರೆದಳು: ಒಂದು ಕಿಟಕಿ ಮುಚ್ಚಲು ಮರೆತಿದ್ದಳು. ನಾನು ಕಂಡ ಯಾವ ಯಜಮಾನರೂ ಹಾಗೆ ಮಾಡಿದ್ದಿಲ್ಲ. ಪುಸ್ತಕ ನನ್ನತ್ತ ಬರುತ್ತಿತ್ತು. ನೀರು ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಸುಮ್ಮನೆ ಮುಂದೆ ದಾಟಿಸಬಹುದಿತ್ತು. ಬರೆದರೆ ವಾಪಸು ಟಿಕೆಟ್ಟು, ನೌಪಾಡಾದ ಗಲ್ಲೆ, ನಾನು ಹೇಳಿರಲಿಲ್ಲವೇ ಎನ್ನುವ ಮಾವ. ಪೆನ್ನು ಎತ್ತಿಕೊಂಡೆ. ಬರೆದೆ. ಓದಿದೆ.

"ಯಾಕೆ ಹಾಕಿದೆ?" ಎಂದಳು ಮಾರೈಕಕ್ಕ. ಬೈಗುಳವಲ್ಲ, ಪ್ರಶ್ನೆ.

ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಒದ್ದೆ ಗೋಣಿ, ರೈಲಿನ ಲಗೇಜ್ ಡಬ್ಬಾ, ಮೇ ತಿಂಗಳ ಸೆಖೆ, ನೀರು ಕಾಣದ ಸೊಪ್ಪು ಠಾಣೆ ಮುಟ್ಟುವುದರೊಳಗೆ ಬಾಡಿ ಬತ್ತಿಯಾಗುವುದು. ಅವಳು ನನ್ನನ್ನು ತಣ್ಣನೆಯ ಕೋಣೆಗೆ ಕರೆದುಕೊಂಡು ಹೋದಳು. ಥರ್ಮಾಮೀಟರನ್ನು ಎಲೆಗಳ ನಡುವೆ ಚುಚ್ಚಿ ತೋರಿಸಿದಳು. ಕೊಯ್ದ ಎಲೆ ಸತ್ತಿರುವುದಿಲ್ಲ, ಉಸಿರಾಡುತ್ತಿರುತ್ತದೆ. ಚಳಿ ಅದರ ಉಸಿರನ್ನು ನಿಧಾನಿಸುತ್ತದೆ. "ನಿನ್ನ ತಂದೆ ನೀರಿನಿಂದ ಮಾಡುವುದನ್ನು ನಾವು ಚಳಿಯಿಂದ ಮಾಡುತ್ತೇವೆ. ನೀನು ಎರಡನ್ನೂ ಒಟ್ಟಿಗೆ ಮಾಡಿಬಿಟ್ಟೆ; ಚಳಿಯಲ್ಲಿ ಆರದ ನೀರು ಎಲೆಯನ್ನು ಕೊಳೆಸಿತು," ಎಂದಳು.

ಬಿ.ಎಸ್ಸಿ.ಯಲ್ಲಿ ಎಲೆಯ ಉಸಿರಾಟದ ಮೇಲೆ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೆ. ಅದು ನಿಜವೆಂದು ತಿಳಿದದ್ದು ಆ ಕೋಣೆಯಲ್ಲಿ, ಕೈ ಮರಗಟ್ಟಿ ನಿಂತಾಗ. ಕ್ರೇಟುಗಳ ನಡುವೆ ಒಂದು ಗುಡಿಯೊಳಗೆ ನಿಂತಂತಾಯಿತು. ಇಷ್ಟೊಂದು ಜೀವ, ಇಷ್ಟು ಮೌನವಾಗಿ!

ಮುಂದಿನ ಹತ್ತು ದಿನ ಆ ಕೋಣೆಯ ಹೊಣೆ ನನ್ನದೇ ಆಯಿತು. ತಾಸಿಗೊಮ್ಮೆ ಶಾಖ ನೋಡಿ ಬರೆಯಬೇಕು. ಶಿಕ್ಷೆಯೋ ಪಾಠವೋ ಕೇಳಲಿಲ್ಲ. ಹನ್ನೊಂದನೇ ದಿನ ಅವಳು ನನ್ನ ಕಾಗದಕ್ಕೆ ಸಹಿ ಹಾಕಿ, "ಅಕ್ಕನಿಗೆ ಇನ್ನೂ ಒಂಬತ್ತು ತಿಂಗಳು ಬೈಯುವುದಿದೆ," ಎಂದಳು.

ವರ್ಷ ಮುಗಿದಾಗ ಪ್ರಮಾಣಪತ್ರದಲ್ಲಿ ಒಂದು ಸಾಲು ಖಾಲಿಯಿತ್ತು: ಹಿಂದಿನ ತರಬೇತಿ ಎಲ್ಲಿ, ಯಾರಿಂದ. ನಾನು ಕಾಲೇಜಿನ ಹೆಸರು ಹೇಳಿದೆ. ಮಾರೈಕಕ್ಕ ಪೆನ್ನು ಕೆಳಗಿಟ್ಟಳು. "ವರ್ಷವಿಡೀ ನೀನು ಮಾತಾಡಿದ್ದು ಕಾಲೇಜಿನದ್ದಲ್ಲ," ಎಂದಳು.

ಮತ್ತೆ ಎರಡು ವರ್ಷಕ್ಕೆ ಅಲ್ಲೇ ಕೆಲಸ ಸಿಕ್ಕಿದೆ. ಇದನ್ನು ಬರೆಯುತ್ತಿರುವುದೂ ಅಲ್ಲಿಂದಲೇ. ನಡುವೆ ಒಂದು ತಿಂಗಳು ಮನೆಗೆ ಹೋಗಿದ್ದೆ. ಹಳಿ ಬದಿಯಲ್ಲಿ ಅಪ್ಪಯ್ಯ ನೀರು ಚಿಮುಕಿಸುವಾಗ ನನ್ನ ಕೈ ಜೇಬಿನಲ್ಲಿ ಇಲ್ಲದ ಥರ್ಮಾಮೀಟರ್ ಹುಡುಕುತ್ತಿತ್ತು. ಇಲ್ಲಿ ಕಾಸಿನೊಳಗೆ ಗಾಡಿ ಕೂಗಿದರೆ ಈಗಲೂ ನನ್ನ ಕಣ್ಣು ಕಲ್ಯಾಣದ ಕಡೆಯ ಹಳಿಯ ತಿರುವನ್ನು ಹುಡುಕುತ್ತದೆ. ಯಾವ ಕೈ ಯಾವ ಊರಿನದೆಂದು ನಾನು ಈಗ ವಿಂಗಡಿಸಲು ಹೋಗುವುದಿಲ್ಲ.

ಆ ರಜೆಯಲ್ಲೇ, ಅದೇ ನೌಪಾಡಾದ ಹೋಟೆಲಿನಲ್ಲಿ, ಪ್ರಮಾಣಪತ್ರವನ್ನು ಅಪ್ಪಯ್ಯನ ಕೈಗೆ ಕೊಟ್ಟೆ. "ನಂಗೆ ಇಂಗ್ಲಿಷ್ ಎಲ್ಲಿ ಬತ್ತ್, ನೀವೇ ಕಾಣಿ," ಎಂದು ಅವರು ಮಾವನಿಗೆ ದಾಟಿಸಿದರು. ಮಾವ ಕನ್ನಡಕ ಏರಿಸಿ, ಆರ್ಡರು ಓದುವ ದನಿಯಲ್ಲಿ ಶುರುಮಾಡಿದರು. ಒಂದು ಸಾಲಿಗೆ ಬಂದು ನಿಂತರು. ಮತ್ತೆ ಓದಿದರು, ಈ ಸಲ ಬಾಯೊಳಗೇ.

"ಭಾವ," ಎಂದರು, ದನಿ ತಗ್ಗಿಸಿ, "ನಿಮ್ ಹೆಸ್ರ್ ಉಂಟು ಇದ್ರಗೆ. ಇವಳಿಗೆ ಬೇಸಾಯ ಕಲ್ಸಿದ್ದ್ ನೀವಂಬ್ರ್. ಠಾಕುರ್ಲಿ ಅಂದೇ ಬರ್ದಿದ್ರ್."

ಅಪ್ಪಯ್ಯ ಎದ್ದು ಹೋಗಿ ಬೇಸಿನ್ನಿನಲ್ಲಿ ಕೈ ತೊಳೆದು, ಲುಂಗಿಗೆ ಒರೆಸಿಕೊಂಡು ಬಂದರು. ಕಾಗದದ ಎರಡು ಅಂಚು ಹಿಡಿದು, ಓದಲಾಗದ ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು:

"ಬೇಲಾಪುರದಗೆ ಇನ್ನೊಂದ್ ಸಲ ಸಾತ್‌ಬಾರಾ ಕೇಂಡ್ರೆ, ಇದನ್ನ್ ತೋರ್ಸ್‌ಲಕ್ಕಾ ಮಗಾ?"