ನಮ್ಮ ಬೀದಿಯ ವಿದೇಶಾಂಗ ಮಂತ್ರಿ

ಪಕ್ಕದ ಮನೆಯ ಹೊಲಿಗೆ ಯಂತ್ರ ದಡದಡನೆ ಓಡುತ್ತಿದ್ದದ್ದು ಗಕ್ಕನೆ ನಿಂತರೆ ದರ್ಜಿ ಮಾವ ಭಾಷಣ ಶುರುಮಾಡಿದರೆಂದೇ ಅರ್ಥ. ಗಡಿಯಾಚೆಯ ದೇಶದಲ್ಲಿ ಕ್ರಾಂತಿಯಾಗಿ ರಾಜ ಓಡಿಹೋದಾಗಿನಿಂದ ಬೀದಿಯವರಿಗೆಲ್ಲ ಅವರು ವಿದೇಶಾಂಗ ಮಂತ್ರಿ. "ಕತ್ತರಿಸೋದು ಯಾರಿಗೆ ಬರಲ್ಲ ಹೇಳಮ್ಮ? ಅಳತೆ ತಗೊಳ್ದೆ ದೇಶ ಕತ್ತರಿಸಿ ಕೂತಿದಾರೆ, ಈಗ ಹೊಲಿಯೋರೇ ಇಲ್ಲ!" "ನನ್ನ ಅಂಗೀನೂ ಕತ್ತರಿಸಿ ತಿಂಗಳಾಯ್ತಲ್ಲ ಮಾವ?" ಎಂದರೆ, "ಅಲ್ಲಿ ಸರ್ಕಾರ ಮತ್ತೆ ಬಿತ್ತು, ನಿಂಗೆ ಅಂಗಿ ಚಿಂತೆ!" ಎಂದು ನನ್ನನ್ನೇ ಗದರುತ್ತಾರೆ. ಇವತ್ತು ಅವರ ಮಡಿಲಲ್ಲಿ ಪುಟ್ಟ ಫ್ರಾಕಿತ್ತು, ಅಂಚಿನಲ್ಲಿ ಗೇಣಗಲದ ಮಡಿಕೆ. "ಮೊಮ್ಮಗಳಿಗೆ. ಮಗಳ ಸಂಸಾರ ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ಗಡಿ ತೆಗೆಯೋ ಹೊತ್ತಿಗೆ ಎಷ್ಟುದ್ದ ಆಗಿರ್ತಾಳೋ, ಮಡಿಕೆ ಬಿಚ್ಚಿದ್ರಾಯ್ತು. ಆ ಹೊಸ ಮಂತ್ರಿಗಳು ಮೊದಲು ಮಾಡ್ಬೇಕಾಗಿರೋದು ಏನಪ್ಪಾ ಅಂದ್ರೆ..." ಅಷ್ಟರಲ್ಲಿ ಎದುರಂಗಡಿಯ ರೇಡಿಯೋದಲ್ಲಿ ವಾರ್ತೆ ಶುರುವಾಯಿತು; ಮಾವ ಚಪ್ಪಲಿಯನ್ನೂ ಮೆಟ್ಟದೆ ಎದ್ದು ರಸ್ತೆ ದಾಟಿಬಿಟ್ಟರು.