ಅಂಚಿನಿಂದ ಎರಡು ಅಡಿ ಆಚೆ

ಗಿರಿಜಾ ಆಂಟಿ ಹಿಮ ತೆಗೆಯಲು ಹೊರಟರೆ ಮೊದಲು ಕೇಳಿಸುತ್ತಿದ್ದುದು ಎಂಜಿನ್ನಿನ ಸದ್ದಲ್ಲ, ಅವರ ಬೈಗುಳ. "ಏಳೋ ಬಸಣ್ಣಾ, ಎಷ್ಟೊತ್ತು ಮಲಗ್ತಿ?" ಬಸಣ್ಣ ಎಂದರೆ ಅವರ ಎಟಿವಿ, ನಾಲ್ಕು ಚಕ್ರದ ಬೈಕಿನಂಥ ಗಾಡಿ. ಮುಂದೆ ಐದು ಅಡಿ ಅಗಲದ ಕಬ್ಬಿಣದ ಹಲಗೆ, ಹಿಂದೆ ಭಾರಕ್ಕೆಂದು ಕಟ್ಟಿದ ಎರಡು ಮರಳಿನ ಚೀಲ, ನಡುವೆ ಅರವತ್ತೆಂಟು ವರ್ಷದ ಆಂಟಿ. ಮಂಡಿವರೆಗಿನ ಬೂಟು, ದಪ್ಪ ಕೋಟು, ಕೆಂಪು ಉಣ್ಣೆ ಟೋಪಿ, ಅದರ ಕೆಳಗೆ ಮೂರು ಬೆರಳಿನ ವಿಭೂತಿ. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಡಾಕ್ಟರು, ಎಂಜಿನಿಯರುಗಳೆಲ್ಲ ಇನ್ನೂ ಕಂಬಳಿಯೊಳಗಿರುವಾಗ, ಬೆಳಗಿನ ಐದೂವರೆಗೆ, ಈ ಸವಾರಿ ನಡೆಯುತ್ತಿತ್ತು.

ಟೋಪಿ ಕೆಂಪು ಎಂದು ಬರೆದ ಮೇಲೆ ಅನುಮಾನ ಬಂದು ಫೋನಿನಲ್ಲಿ ಹಳೆಯ ಫೋಟೋ ಹುಡುಕಿದೆ. ನೀಲಿ. ಸಂಖ್ಯಾಶಾಸ್ತ್ರ ಕಲಿಸಿ ಬದುಕುವವನು ನಾನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ಇಲ್ಲಿ ಆ ಒಬ್ಬನೇ ಸಾಕ್ಷಿ ನಾನೇ ಆಗಿದ್ದೇನೆ. ಓದುವವರು ಅಷ್ಟು ಎಚ್ಚರದಲ್ಲಿರಬೇಕು.

ಆಂಟಿ ಗದಗ ಕಡೆಯವರು. ನಲವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾದವರು. ಅವರ ಗಂಡ ಶಿವಾನಂದ ಅಂಕಲ್ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನೂ ಎರಡು ಕಿಡ್ನಿಯನ್ನೂ ತೆಗೆದುಕೊಂಡಿತ್ತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರೂವರೆಗೆ ಡಯಾಲಿಸಿಸ್. ಅವರ ಮನೆಯ ಡ್ರೈವ್‌ವೇ ಗ್ಯಾರೇಜಿನಿಂದ ರಸ್ತೆಯವರೆಗೆ ನೂರೈವತ್ತು ಅಡಿ ಉದ್ದ, ಒಂದೂವರೆ ಗಾಡಿಯ ಅಗಲ. ಹಿಮ ತೆಗೆಯಲು ಗೊತ್ತು ಮಾಡಿದ್ದವನು ಬರುತ್ತಿದ್ದುದು ಹತ್ತು ಗಂಟೆಗೆ. "ಹತ್ತರ ತನಕ ತಡಕೋ ಅಂದ್ರ ಕಿಡ್ನಿ ಕೇಳ್ತಾವೇನು?" ಎಂದು ಆಂಟಿ ಅವನನ್ನು ಬಿಡಿಸಿ, ಯಾರೋ ಮಾರುತ್ತಿದ್ದ ಎಟಿವಿ ಕೊಂಡರು. ಖಂಡೇನವಮಿಗೆ ಅದಕ್ಕೆ ಹೂವೇರಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬಸಣ್ಣ ಎಂದು ಹೆಸರಿಟ್ಟರು.

ಒಂದು ವರ್ಷ ನವೆಂಬರ್ ಮೊದಲಲ್ಲಿ ಅವರು ಅಂಚೆಪೆಟ್ಟಿಗೆಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಎರಡು ಮನೆ ಆಚೆಗಿದ್ದ ನಾನು, ಈ ಚಳಿಗಾಲ ನಾನೇ ಹಿಮ ಪ್ಲೋ ಮಾಡ್ತೀನಿ ಎಂದೆ. ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೈಸೂರಾಗ ಸೈಕಲ್ಲರ ಹೊಡದೀಯೇನು?"

ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು, ಪ್ಲಾಸ್ಟರ್ ಹಾಕಿದ ಕೈಯನ್ನು ಕೋಲಿನಂತೆ ಆಡಿಸುತ್ತ ಪಾಠ ಹೇಳಿದರು. "ಲೋ ಗೇರ್‌ನಾಗ ಇರ್ಲಿ. ನಡಕೊಂಡು ಹೋಗೂ ಮನಷ್ಯಾ ನಿನ್ನ ದಾಟಬೇಕು, ಅಷ್ಟ ಸಾವಕಾಶ. ಗ್ಯಾರೇಜ್ ಬಾಗ್ಲಿಗೆ ಹಿಮಾ ಒತ್ತಬ್ಯಾಡ. ಬಾಗ್ಲ ತನಕ ಹೋಗು, ಹಲಗಿ ಇಳಸು, ಹಿಂದಕ ಎಳಕೊಂಡು ಬಾ. ಬೀಳೂದು ನಿಲ್ಲಲಿ ಅಂತ ಕಾಯಬ್ಯಾಡ. ಮೂರು ಇಂಚು ಆತು ಅಂದ್ರ ಒಮ್ಮೆ ತಗದ ಬಿಡು."

"ಮೂರೇ ಯಾಕೆ ಆಂಟಿ? ನಾಲ್ಕಾದ್ರೆ ಏನಾಗತ್ತೆ?"

"ಪಿಎಚ್‌ಡಿ ಸಾಹೇಬ್ರ, ಮೊದ್ಲ ಕೀ ತಿರುವ್ರಿ."

ಒಳಗಿನಿಂದ ಅಂಕಲ್ ನಗುವುದು ಕೇಳಿಸಿತು.

ನೆಲ ಹೆಪ್ಪುಗಟ್ಟುವ ಮೊದಲು ಡ್ರೈವ್‌ವೇಯ ಎರಡೂ ಬದಿಗೆ ಗುರುತಿನ ಕೋಲು ನೆಡಬೇಕು. ಹಿಮ ಮುಚ್ಚಿದ ಮೇಲೆ ಸಿಮೆಂಟು ಯಾವುದು, ಹುಲ್ಲು ಯಾವುದು ತಿಳಿಯುವುದಿಲ್ಲ. ಆಂಟಿಯ ಕೋಲುಗಳ ತುದಿಗೆ ಹರಿದ ಇಳಕಲ್ ಸೀರೆಯ ಕೆಂಪು ಅಂಚಿನ ತುಂಡುಗಳಿದ್ದವು. "ಹ್ವಾದ ವರ್ಷದ ತೂತು ಹಂಗ ಅದಾವ, ಅದರಾಗ ನೆಟ್ಟ ಬಾ" ಎಂದು ಕಟ್ಟನ್ನು ನನ್ನ ಕೈಗಿತ್ತರು.

ಹೋಗಿ ನೋಡಿದರೆ ಎಲ್ಲ ತೂತುಗಳೂ ಅಂಚು ಬಿಟ್ಟು ಹುಲ್ಲಿನೊಳಗಿದ್ದವು. ಟೇಪು ಹಿಡಿದೆ. ಸರಿಯಾಗಿ ಎರಡು ಅಡಿ ಹೊರಗೆ. ವಯಸ್ಸಾಯಿತು, ಆಂಟಿಯ ಕಣ್ಣಂದಾಜು ತಪ್ಪಿದೆ ಎಂದುಕೊಂಡೆ. ಒಂದೊಂದು ಕೋಲನ್ನೂ ಅಂಚಿಗೆ ತಂದು, ದಾರ ಕಟ್ಟಿ ನೇರ ನೋಡಿ ನೆಟ್ಟೆ. ಅವರಿಗೆ ಹೇಳಲಿಲ್ಲ. ದೊಡ್ಡವರ ತಪ್ಪನ್ನು ಸದ್ದಿಲ್ಲದೆ ತಿದ್ದಿದ ಸಮಾಧಾನ ಆ ದಿನ ನನಗಿತ್ತು. ಇದರಲ್ಲಿ ನನ್ನ ನೆನಪು ಮೋಸ ಮಾಡುತ್ತಿಲ್ಲ.

ಡಿಸೆಂಬರಿನಲ್ಲಿ ನನ್ನ ಕೆಲಸ ನೋಡುವಂತಿತ್ತು. ಕೋಲಿನ ಸಾಲಿಗೆ ಸರಿಯಾಗಿ ಎರಡೂ ಕಡೆ ಬಿಳಿಯ ದಿಬ್ಬ, ನಡುವೆ ಸ್ಕೇಲು ಇಟ್ಟು ಗೀರಿದಂಥ ದಾರಿ. ಫೋಟೋ ತೆಗೆದು ಹೆಂಡತಿಗೆ ತೋರಿಸಿದ್ದೆ. ಆದರೆ ಹಿಮ ಒಂದೇ ಸಲ ಬೀಳುವುದಿಲ್ಲ. ಮೊದಲ ಹಿಮದ ದಿಬ್ಬ ರಾತ್ರಿಯ ಚಳಿಗೆ ಕಲ್ಲಾಯಿತು. ಎರಡನೆಯದನ್ನು ಅದರಾಚೆ ತಳ್ಳಲಾಗದೆ ಈಚೆಗೇ ನಿಲ್ಲಿಸಿದೆ. ಮೂರನೆಯದು ಇನ್ನೂ ಈಚೆಗೆ. ಪ್ರತಿಸಲ ಒಂದು ಗೇಣು ಹೋಗುತ್ತಿತ್ತು; ಅಂಕಲ್‌ರನ್ನು ಗಾಲಿಕುರ್ಚಿ ಸಮೇತ ಡಯಾಲಿಸಿಸ್‌ಗೆ ಒಯ್ಯುವ ವ್ಯಾನು ಹೇಗೂ ಹೋಗಿಬರುತ್ತಿತ್ತಾದ್ದರಿಂದ ನಾನು ಗಮನಿಸಲಿಲ್ಲ.

ಜನವರಿಯ ಕೊನೆಯ ಒಂದು ಗುರುವಾರ. ನಸುಕಿಗೇ ಹೋಗಿ ಆರು ಇಂಚು ಹಿಮ ತೆಗೆದೆ. ಆಂಟಿಯ ಕೈ ಇನ್ನೂ ಜೋಲಿಯಲ್ಲಿತ್ತು. ವ್ಯಾನು ಹೊರಗೆ ತಂದು ಪಕ್ಕದ ಬಾಗಿಲು ತೆರೆದೆ. ಗಾಲಿಕುರ್ಚಿ ಹತ್ತಿಸುವ ರ‍್ಯಾಂಪು ಬಿಚ್ಚಿಕೊಂಡು ಇಳಿಯುತ್ತ ಇಳಿಯುತ್ತ, ನೆಲ ಮುಟ್ಟುವ ಮೊದಲೇ ಹಿಮದ ಗೋಡೆಗೆ ತಾಗಿ ನಿಂತಿತು. ವ್ಯಾನು, ರ‍್ಯಾಂಪು, ಕುರ್ಚಿ ತಿರುಗುವ ಜಾಗ, ಮೂರಕ್ಕೂ ಡ್ರೈವ್‌ವೇಯ ಪೂರ್ತಿ ಅಗಲ ಬೇಕಿತ್ತು. ನಾನು ಅದರಲ್ಲಿ ಎರಡಡಿ ತಿಂದುಹಾಕಿದ್ದೆ. ಗಂಟೆ ಆರಾಗಿತ್ತು.

ಬಸಣ್ಣನನ್ನು ತಂದು ಗೋಡೆಗೆ ಗುದ್ದಿದೆ. ಹಲಗೆ ಪುಟಿಯಿತು, ನನ್ನ ಹಲ್ಲು ಕಟಕಟಿಸಿದವು, ಗೋಡೆ ಹಾಗೇ ಇತ್ತು. ಮತ್ತೆ ಗುದ್ದಿದೆ. ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಎರಡು ಕಂಬಳಿ ಹೊದ್ದು ಕೂತ ಅಂಕಲ್ ನನ್ನನ್ನೇ ನೋಡುತ್ತಿದ್ದರು.

"ಸಾಕ್ ಬಿಡೋ ತಮ್ಮಾ, ಬಸಣ್ಣ ಸಾಯ್ತಾನ" ಎಂದರು ಆಂಟಿ. "ವ್ಯಾನ್ ರೋಡಿಗೆ ಒಯ್ಯಿ. ಅಡ್ಡ ನಿಲ್ಲಸು, ರ‍್ಯಾಂಪ್ ನಮ್ಮ ಕಡೆ ಮಾರಿ ಮಾಡ್ಲಿ. ಇವರನ್ನ ಅಲ್ಲಿ ತನಕ ದೂಡ್ಕೊಂಡು ಹೋಗೂಣು."

ರಸ್ತೆಯ ಹಿಮ ತೆಗೆಯುವ ದೊಡ್ಡ ಪ್ಲೋ ಗಾಡಿ ಡ್ರೈವ್‌ವೇಯ ಬಾಯಿಗೆ ರಾಶಿ ಹಾಕಿ ಹೋಗಿತ್ತು. ಅದನ್ನು ತೆಗೆದು, ವ್ಯಾನನ್ನು ರಸ್ತೆಗೆ ಒಯ್ದು ಅಡ್ಡ ನಿಲ್ಲಿಸಿದೆ. ಸೊನ್ನೆಗೂ ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಆ ನೂರೈವತ್ತು ಅಡಿ ನಾನು ಕುರ್ಚಿ ತಳ್ಳಿದೆ. ಆಂಟಿ ಎಡಗೈಯಲ್ಲಿ ಕಂಬಳಿ ಹಿಡಿದು ಪಕ್ಕದಲ್ಲಿ ನಡೆದರು.

"ಲಗ್ನದಾಗೂ ನನ್ನ ಇಷ್ಟು ದೂರ ಮೆರವಣಿಗಿ ಮಾಡಿರಲಿಲ್ಲ" ಎಂದರು ಅಂಕಲ್.

"ಅವತ್ತ ನಿಮಗ ಎರಡು ಕಾಲಿದ್ವು. ಓಡಿ ಹೋಗ್ತೀರಂತ ಜಲ್ದಿ ಮುಗಿಸಿದ್ವಿ" ಎಂದರು ಆಂಟಿ.

ನಲವತ್ತು ನಿಮಿಷ ತಡವಾಗಿ ಡಯಾಲಿಸಿಸ್ ಶುರುವಾಯಿತು. ಆಂಟಿ ನನ್ನನ್ನು ಬೈಯಲಿಲ್ಲ. ಬೈದದ್ದನ್ನು ನಾನೇ ಮರೆತಿದ್ದೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಗ್ಯಾರೇಜು, ಗಾಲಿಕುರ್ಚಿ, ಅಂಕಲ್‌ರ ತಮಾಷೆ ಎಲ್ಲ ನೆನಪಿದೆ; ಬೈಗುಳ ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಏಪ್ರಿಲಿನಲ್ಲಿ, ಹುಲ್ಲು ಹಸಿರಾದ ಮೇಲೆ, ಅಂಕಲ್ ಹೋದರು. ಹೃದಯ ನಿಂತಿತ್ತು. ಜನವರಿಯ ಒಂದು ದಿನದ ನಲವತ್ತು ನಿಮಿಷಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಯಾವ ವಿದ್ಯಾರ್ಥಿಯಾದರೂ ಹಾಗೆ ಸಂಬಂಧ ಕಟ್ಟಿದ್ದರೆ ಅಂಕ ಕಳೆಯುತ್ತಿದ್ದೆ. ಆದರೂ ಕಟ್ಟಿಕೊಂಡೆ. ಆಂಟಿ ಮನೆ ಮಾರಿ ಚಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿದ್ದ ಮಗಳ ಅಪಾರ್ಟ್‌ಮೆಂಟಿಗೆ ಹೊರಟಾಗ ಎಟಿವಿಯ ಕೀಲಿಯನ್ನೂ ಕೋಲಿನ ಕಟ್ಟನ್ನೂ ನನಗೇ ಕೊಟ್ಟರು. "ಬಸಣ್ಣ ಲಿಫ್ಟ್ ಏರಂಗಿಲ್ಲ. ನಿನ್ನ ಹತ್ರ ಇರ್ಲಿ." ಕೋಲು ಸರಿಸಿದ್ದನ್ನು ನಾನು ಆಗಲೂ ಹೇಳಲಿಲ್ಲ.

ಎರಡು ವರ್ಷದ ನಂತರ ಚಿಕಾಗೋದಲ್ಲಿ ಕೆಲಸವಿದ್ದಾಗ ಅವರನ್ನು ನೋಡಲು ಹೋದೆ. ಫೆಬ್ರವರಿ. ನಾಲ್ಕನೆಯ ಮಹಡಿಯ ಕಿಟಕಿಗೆ ಕುರ್ಚಿ ಹಾಕಿಕೊಂಡು, ಕೆಳಗೆ ಪಾರ್ಕಿಂಗಿನಲ್ಲಿ ಯಾರೋ ಹಲಗೆ ಕಟ್ಟಿದ ಟ್ರಕ್ಕಿನಿಂದ ಹಿಮ ತೆಗೆಯುವುದನ್ನು ನೋಡುತ್ತಿದ್ದರು. ತುಂಬ ಇಳಿದುಹೋಗಿದ್ದರು, ದನಿ ಮಾತ್ರ ಅದೇ. "ನೋಡಿಲ್ಲಿ, ಬಾಗ್ಲಿಗೇ ಒತ್ತಾಕತ್ತಾನ! ಯಾರೂ ಹೇಳವರಿಲ್ಲೇನಿವಂಗ?" ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಮುಗಿಯುವವರೆಗೆ ಕಾದು ಹೇಳಿದೆ.

"ಆಂಟಿ, ಆ ವರ್ಷ ಕೋಲುಗಳನ್ನ ನಾನು ನಿಮ್ಮ ತೂತಲ್ಲಿ ನೆಡಲಿಲ್ಲ. ಅಂಚಿಗೆ ತಂದು ನೆಟ್ಟೆ."

"ಗೊತ್ತೈತಿ."

"ಗೊತ್ತಿತ್ತಾ?"

"ನನ್ನ ಸೀರಿ ಅಂಚು ಎಲ್ಲೈತಿ ಅಂತ ನನಗ ಕಾಣಂಗಿಲ್ಲೇನು? ಮೊದಲ್ನೇ ಹಿಮಕ್ಕ ಜಾಗಾ ದೂರ ಕೊಟ್ರ, ಕಡೀ ಹಿಮಕ್ಕೂ ಜಾಗಾ ಉಳೀತೈತಿ. ಅದಕ್ಕ ನಾ ಹೊರಗ ನೆಡತಿದ್ದೆ. ನಾ ನೋಡೂದ್ರಾಗ ನೆಲಾ ಕಲ್ಲಾಗಿತ್ತು, ಕಿತ್ತು ನೆಡಾಕ ಬರ್ತಿರಲಿಲ್ಲ."

"ಮತ್ತೆ ಯಾಕೆ ನನಗೆ ಬೈಲಿಲ್ಲ? ಅವತ್ತಾದ್ರೂ?"

ಆಂಟಿ ಕಿಟಕಿಯಿಂದ ಮುಖ ತಿರುಗಿಸಿದರು. "ಕೈ ಮುರಕೊಂಡು ಕುಂತಾಕಿ ನಾನು. ಬೈದ್ರ ನೀ ಮರದಿನ ಬರಲಿಲ್ಲ ಅಂದ್ರ? ನಿನ್ನ ಬಿಟ್ರ ಯಾರಿದ್ರೋ ನಮಗ? ಚಳಿಗಾಲಪೂರ್ತಿ ಐದೂವರಿಗೆ ಬಸಣ್ಣನ ಸಪ್ಪಳ ಕೇಳೂ ತನಕ ನನ್ನ ಜೀವದಾಗ ಜೀವ ಇರ್ತಿರಲಿಲ್ಲ. ಒಂದ್ ದಿನಾ ತಪ್ಪಿಸಲಿಲ್ಲ ನೀ." ನಾನು ಕೇಳದೆ ಉಳಿದದ್ದಕ್ಕೂ ಉತ್ತರ ಕೊಟ್ಟರು. "ನಲವತ್ತು ನಿಮಿಷಕ್ಕ ಯಾರೂ ಸಾಯಂಗಿಲ್ಲ. ನರ್ಸ್ ಹೇಳಾಕತ್ತೀನಿ, ನಂಬು."

ನಾನು ಅವರಿಗೆ ಹೆದರಿದ್ದೆ. ಅವರು ನನಗೆ ಹೆದರಿದ್ದರು. ಆ ಚಳಿಗಾಲ ಉಪಕಾರ ಮಾಡಿದವನು ನಾನು ಎಂದುಕೊಂಡಿದ್ದೆ. ತಿಂಗಳುಗಟ್ಟಲೆ ನನ್ನ ತಪ್ಪನ್ನು ಕಣ್ಣೆದುರೇ ನೋಡುತ್ತ, ದಿನವೂ ಬಿಸಿ ಚಹಾ ಕೊಟ್ಟು ಕಳಿಸಿದವರು ಅವರು.

ಅದೇ ಕೊನೆಯ ಭೇಟಿ. ಆ ಬೇಸಿಗೆಯಲ್ಲಿ ಆಂಟಿ ಹೋದ ಸುದ್ದಿಯನ್ನು ಅವರ ಮಗಳು ಫೋನ್ ಮಾಡಿ ಹೇಳಿದರು.

ಈ ನವೆಂಬರಿನಲ್ಲಿ ನಮ್ಮ ಮನೆಯ ಮುಂದೆ ಕೋಲು ನೆಡುತ್ತಿದ್ದೆ. ಸೀರೆಯಂಚಿನ ಕೆಂಪು ಬಿಸಿಲಿಗೆ ಮಾಸಿದೆ. ಹೆಂಡತಿ ಬಾಗಿಲಿಗೆ ಬಂದು, "ಏನ್ರೀ, ಅಂಚು ಇಲ್ಲಿದೆ, ನೀವು ಹುಲ್ಲಲ್ಲಿ ನೆಡ್ತಿದೀರಲ್ಲ" ಎಂದಳು. ಗೊತ್ತು ಎಂದು, ಟೇಪು ಹಿಡಿದು ಇನ್ನೊಮ್ಮೆ ಅಳೆದೆ. ಎರಡು ಅಡಿ. ನನ್ನ ಕಣ್ಣಂದಾಜನ್ನು ನಾನು ನಂಬುವುದಿಲ್ಲ, ಅವರದನ್ನು ನಂಬುತ್ತೇನೆ.